ಜಗಲಿಯ ಮಾತು: ಕುದುರೆ ಬಂತು ಲಾರಿಯಲ್ಲಿ

ಠಾಣೆಯಲ್ಲಿ ಮನೆ ಮಾಡಿ, ಮಕ್ಕಳ ಮದುವೆ ಮಾಡಿ, ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವ ನಮ್ಮ ಬಳಗದವರಿಗೂ ಆ ಊರಿನ ಒಂದು ಹಳೆಯ ಅಪಕೀರ್ತಿ ತಿಳಿದಿರಲಾರದು. 13ನೆಯ ಶತಮಾನದ ಕೊನೆಯಲ್ಲಿ ಈ ಕಡಲಿನ ವಿಚಾರ ಬರೆದಿಟ್ಟ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ, ಠಾಣೆಯ ಅರಸನಿಗೂ ಕಡಲುಗಳ್ಳರಿಗೂ ಒಂದು ಒಪ್ಪಂದವಿತ್ತೆಂದು ಹೇಳುತ್ತಾನೆ. ಕಳ್ಳರು ದೋಚಿದ ಹಡಗಿನಲ್ಲಿ ಸಿಕ್ಕ ಕುದುರೆಗಳೆಲ್ಲ ಅರಸನ ಪಾಲು. ಮಿಕ್ಕ ಸರಕೆಲ್ಲ ಅವರ ಪಾಲು. ಅರಸನಿಗೆ ಸ್ವಂತ ಕುದುರೆಗಳಿರಲಿಲ್ಲ. ಆದರೆ ಈ ದೇಶಕ್ಕೆ ಬರುವ ಹಡಗುಗಳಲ್ಲಿ ಕುದುರೆ ಹೊರದ ಹಡಗೇ ಇರಲಿಲ್ಲವಂತೆ. ಅರಸನ ಕಣ್ಣು ಅತ್ತ ಹೋದದ್ದರಲ್ಲಿ ಆಶ್ಚರ್ಯವೇನು?

ದಿನವೂ ಘೋಡ್‌ಬಂದರ್ ರಸ್ತೆಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡು ಗಡಿಯಾರ ನೋಡಿಕೊಳ್ಳುವ ವಾಚಕರು ಆ ಹೆಸರಿನ ಅರ್ಥದ ಕಡೆ ಗಮನ ಕೊಟ್ಟಿದ್ದಾರೊ ಇಲ್ಲವೊ! ಅದು ಕುದುರೆಯ ಬಂದರು. ಹಿಂದೆ ಅರಬರೊಡನೆ ಕುದುರೆಯ ವ್ಯಾಪಾರ ಅಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುವುದುಂಟು.

ಪರರ ಊರಿನ ಅರಸನನ್ನು ಆಡಿಕೊಂಡು ನಮ್ಮವರನ್ನು ಬಿಟ್ಟುಬಿಟ್ಟರೆ ನ್ಯಾಯವಾಗದು. ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನು 1535ರಿಂದ 1537ರವರೆಗೆ ವಿಜಯನಗರದಲ್ಲಿದ್ದವನು. ತಾನೇ ಕುದುರೆಯ ವ್ಯಾಪಾರಿ. ಓರ್ಮುಜ್ಜಿನಿಂದ ಬಂದವೂ ನಾಡ ತಳಿಯವೂ ಸೇರಿ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಅವನ ಲೆಕ್ಕ. ಅದಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು ಅವನು ಸಾಳುವ ನರಸಿಂಹನ ಕಾಲದ ಬಗ್ಗೆ ಬರೆದಿರುವ ಒಂದು ಮಾತು. ಓರ್ಮುಜ್, ಏಡನ್‌ಗಳಿಂದ ತಂದ ಕುದುರೆಗಳನ್ನು ಆ ಅರಸನು ಜೀವಂತವಾಗಿದ್ದರೂ ಸತ್ತಿದ್ದರೂ ಸಾವಿರ ಪರ್ದಾವೊ ಹೊನ್ನಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ನಡುಗಡಲಿನಲ್ಲಿ ಸತ್ತುಹೋದ ಕುದುರೆಯ ಬಾಲವನ್ನು ಮಾತ್ರ ಕತ್ತರಿಸಿ ತಂದು ತೋರಿಸಿದರೂ ಸರಿ, ಪೂರ್ತಿ ಬೆಲೆ ಕೊಡುತ್ತಿದ್ದನಂತೆ!

ಅರಸನ ಆಲೋಚನೆಯಲ್ಲಿ ಜಾಣತನವಿಲ್ಲದಿಲ್ಲ. ನಷ್ಟದ ಭಯವಿಲ್ಲದಿದ್ದರೆ ವ್ಯಾಪಾರಿಗಳು ಹೆಚ್ಚು ಹಡಗು ಹೊರಡಿಸುತ್ತಾರೆ. ವೈರಿಗಳ ಬಂದರಿಗೆ ಹೋಗದೆ ನಮ್ಮ ಬಂದರಿಗೇ ಬರುತ್ತಾರೆ. ಆದರೆ ಬಾಲಕ್ಕೂ ಪೂರ್ತಿ ಬೆಲೆ ಸಿಗುವಾಗ, ಹಡಗಿನಲ್ಲಿ ಇನ್ನೆರಡು ಪೀಪಾಯಿ ಕುಡಿಯುವ ನೀರು ಹೇರಿಕೊಳ್ಳುವ ಶ್ರಮ ಯಾವ ವ್ಯಾಪಾರಿಗೆ ಬೇಕಾದೀತು ಎಂಬ ಸಂಶಯ ನಮ್ಮನ್ನು ಬಿಟ್ಟಿಲ್ಲ. ಮಧುರೆಯ ಕಡೆಯ ಪಾಂಡ್ಯರ ಕಥೆ ಇನ್ನೂ ಶೋಚನೀಯ. ಅವರು ವರ್ಷವರ್ಷವೂ ಸಾವಿರಗಟ್ಟಲೆ ಕುದುರೆ ಕೊಂಡರೂ ವರ್ಷದ ಕೊನೆಗೆ ನೂರು ಉಳಿಯುತ್ತಿರಲಿಲ್ಲವೆಂದು ಮಾರ್ಕೊ ಪೋಲೊ ಬರೆಯುತ್ತಾನೆ. ಅವು ಕಡಲು ದಾಟಿ ಬದುಕಿ ಬಂದವೇ. ಸತ್ತದ್ದು ಬಂದಮೇಲೆ, ಆರೈಕೆ ಬಲ್ಲವರಿಲ್ಲದೆ.

ಈ ಪುರಾಣವೆಲ್ಲ ಈಗೇಕೆ ಎಂದು ಕೇಳುವಿರಿ. ಕಾರಣ ಉಂಟು. ಖಾರ್‌ಘರ್‌ನಲ್ಲಿರುವ ನಮ್ಮ ಸದಸ್ಯರೊಬ್ಬರಿಂದ ಕಳೆದ ಚಳಿಗಾಲದಲ್ಲಿ ಒಂದು ಕಾಗದ ಬಂದಿತು. ಬೆಂಗಳೂರಿನಿಂದ ವರ್ಗವಾಗಿ ಬಂದ ಸಂಸಾರ. ಪಾತ್ರೆಪಡಗ, ಪುಸ್ತಕ, ತುಳಸಿಯ ಕುಂಡ ಎಲ್ಲವೂ ಬಂದು ಸೇರಿದ್ದವು. ಉಳಿದದ್ದು ಮಗಳ ಕುದುರೆ. ಹುಡುಗಿ ಅಲ್ಲಿ ಸವಾರಿ ಕಲಿತವಳು. ಒಂಬತ್ತು ವರ್ಷದ ಆ ಕಂದು ಕುದುರೆಯನ್ನು ಬಿಟ್ಟು ಬರಲೊಲ್ಲೆನೆಂದು ಹಟ ಹಿಡಿದಿದ್ದಳು. ಕರ್ಜತ್ ಕಡೆ ಒಂದು ಲಾಯದಲ್ಲಿ ಜಾಗವೂ ಸಿಕ್ಕಿತ್ತು. ಆದರೆ ಕುದುರೆ ಹುಟ್ಟಿದಾರಭ್ಯ ಯಾವ ಗಾಡಿಯನ್ನೂ ಹತ್ತಿದ್ದಲ್ಲ.

ಅವರ ಮುಂದೆ ಎರಡು ದಾರಿಗಳಿದ್ದವು. ಕಲ್ಲು ಸಾಗಿಸಿ ಖಾಲಿ ಮರಳುವ ಲಾರಿಯವನೊಬ್ಬನು, ರಾತ್ರಿ ಹೊರಟು ಮರುದಿನ ರಾತ್ರಿಯೊಳಗೆ ತಲುಪಿಸಿಬಿಡುತ್ತೇನೆ, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ ಎಂದು ಕಡಿಮೆ ಬಾಡಿಗೆ ಹೇಳಿದ್ದನು. ಇನ್ನೊಬ್ಬನದು ಕುದುರೆಗಾಗಿಯೇ ಕಟ್ಟಿಸಿದ ವ್ಯಾನು. ದಾರಿಯಲ್ಲಿ ತಂಗಬೇಕೆನ್ನುತ್ತಾನೆ, ಬಾಡಿಗೆ ಮೂರು ಪಾಲು. 'ಬೇಗ ಮುಟ್ಟಿದರೆ ಪ್ರಾಣಿಗೂ ಕಷ್ಟ ಕಡಿಮೆಯಲ್ಲವೆ? ತಮ್ಮ ಅಭಿಪ್ರಾಯ ತಿಳಿಸಬೇಕು' ಎಂದು ಅವರ ಪ್ರಶ್ನೆ.

ನಮಗೆ ಕುದುರೆಯ ಪರಿಚಯ ಮಾಥೇರಾನಿನಲ್ಲಿ ಅದರ ಬೆನ್ನ ಮೇಲೆ ಹೆದರಿಕೊಂಡು ಕುಳಿತಷ್ಟು ಮಾತ್ರ. ಆದಕಾರಣ ಆ ಕಾಗದವನ್ನು ತೆಗೆದುಕೊಂಡು, ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ಪಶುವೈದ್ಯರೊಬ್ಬರ ಬಳಿಗೆ ಹೋದೆವು. ಡಾಕ್ಟರು ಕಾಗದ ಓದಿ, ಕನ್ನಡಕ ತೆಗೆದು, "ಕುದುರೆ ಎಷ್ಟು ಬೇಗ ಬರುತ್ತೆ ಅಂತ ಕೇಳಬೇಡಿ ಸ್ವಾಮಿ. ದಾರಿಯಲ್ಲಿ ಎಷ್ಟು ಸಲ ತಲೆ ತಗ್ಗಿಸುತ್ತೆ ಅಂತ ಕೇಳಿ," ಎಂದರು.

ಈ ಒಂದು ಮಾತನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನಮಗೆ ಎರಡು ಲೋಟ ಕಾಫಿ ಬೇಕಾಯಿತು. ಕುದುರೆ ದಿನದ ಬಹುಭಾಗ ತಲೆ ತಗ್ಗಿಸಿ ಮೇಯುವ ಪ್ರಾಣಿ. ಹಾಗೆ ತಗ್ಗಿಸಿದಾಗ ಶ್ವಾಸನಾಳದಲ್ಲಿ ಸೇರಿದ ಕಫ, ಧೂಳು, ಕ್ರಿಮಿ ಎಲ್ಲ ಮೂಗಿನ ಕಡೆಗೆ ಇಳಿದು ಹೊರಗೆ ಹೋಗುತ್ತವೆ. ಅದು ಮೂಗಿನಿಂದಲೇ ಉಸಿರಾಡಬೇಕು. ನಮ್ಮ ಹಾಗೆ ಬಾಯಿಂದ ಉಸಿರಾಡಲಾರದು. ಲಾರಿಯವರು ಅದು ಕುಪ್ಪಳಿಸೀತೆಂಬ ಭಯದಿಂದ ಮುಖದ ಹಗ್ಗವನ್ನು ಗಿಡ್ಡವಾಗಿ, ಎತ್ತರಕ್ಕೆ ಕಟ್ಟುತ್ತಾರೆ. ಆಗ ಒಣಹುಲ್ಲಿನ ಧೂಳು, ನೆಲದ ಮೂತ್ರದ ಘಾಟು ಎಲ್ಲ ಒಳಗೆ ಹೋಗುತ್ತವೆ, ಹೊರಗೆ ಬರುವ ದಾರಿ ಇಲ್ಲ. ಆಸ್ಟ್ರೇಲಿಯದಲ್ಲಿ ಆರೋಗ್ಯವಾಗಿದ್ದ ಕುದುರೆಗಳ ತಲೆಯನ್ನು ಎತ್ತರಕ್ಕೆ ಕಟ್ಟಿ ಪರೀಕ್ಷಿಸಿದವರು, ಕೆಲವೇ ಗಂಟೆಗಳಲ್ಲಿ ಅವುಗಳ ಶ್ವಾಸನಾಳದಲ್ಲಿ ಕ್ರಿಮಿಗಳು ಹೆಚ್ಚಿದುದನ್ನು ಕಂಡು 1990ರಲ್ಲಿ ಪ್ರಕಟಿಸಿದ್ದಾರೆ. ಕ್ರಿಮಿ ಪುಪ್ಪುಸಕ್ಕಿಳಿದರೆ ಜ್ವರ. ಇಂಗ್ಲಿಷಿನವರು ಇದಕ್ಕೆ ಶಿಪ್ಪಿಂಗ್ ಫೀವರ್ ಎನ್ನುತ್ತಾರೆ. ಸಾಗಾಣಿಕೆಯ ಜ್ವರ ಎಂದು ನಾವು ಕರೆಯೋಣ. ಕುದುರೆ ಲಾರಿಯಿಂದ ತನ್ನ ಕಾಲ ಮೇಲೆಯೇ ಇಳಿಯುತ್ತದೆ, ಎಲ್ಲರೂ ಕೈ ಕುಲುಕಿ ಬಾಡಿಗೆ ಕೊಟ್ಟು ಕಳಿಸುತ್ತಾರೆ. ಎರಡು ಮೂರು ದಿನ ಕಳೆದು ಅದು ಮೇವು ಬಿಟ್ಟು ನಿಲ್ಲುತ್ತದೆ. ಕೆಲವು ಉಳಿಯುವುದಿಲ್ಲ.

"ಅದಲ್ಲದೆ ಅದಕ್ಕೆ ಕೈ ಇಲ್ಲ ನೋಡಿ," ಎಂದರು ಡಾಕ್ಟರು. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಿಂತು ಹೋಗುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ಹಿಡಿದುಕೊಳ್ಳಲು ಮೇಲೊಂದು ಹಿಡಿ ಇದೆ, ಬೀಳದಂತೆ ಒತ್ತಿ ನಿಲ್ಲಿಸುವ ಜನರಿದ್ದಾರೆ. ಕುದುರೆಗೆ ಬ್ರೇಕು ಬಿದ್ದಾಗಲೂ ತಿರುವು ಬಂದಾಗಲೂ ನಾಲ್ಕು ಕಾಲುಗಳೇ ಗತಿ. ಅದರ ಮೈಭಾರದ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಓಡುವ ಗಾಡಿಯಲ್ಲಿ ನಿಲ್ಲುವ ಶ್ರಮ ನಡೆಯುವ ಶ್ರಮಕ್ಕೆ ಸಮವೆಂದು ಅಳೆದು ನೋಡಿದವರು ಹೇಳುತ್ತಾರೆ. 450 ಕಿಲೋ ತೂಗುವ ಕುದುರೆ ದೂರದ ಒಂದೇ ಪ್ರಯಾಣದಲ್ಲಿ ಹತ್ತಿಪ್ಪತ್ತು ಕಿಲೋ ಇಳಿದುಹೋಗುವುದುಂಟು. ಬಹುಮಟ್ಟಿಗೆ ಅದು ಕುಡಿಯದ ನೀರು, ಸುರಿದ ಬೆವರು. ದಿನಕ್ಕೆ ಮೂವತ್ತು ಲೀಟರಿಗೆ ಕಡಿಮೆಯಿಲ್ಲದೆ ಕುಡಿಯುವ ಪ್ರಾಣಿ ದಾರಿಯಲ್ಲಿ ಹೊಸ ಊರಿನ ನೀರನ್ನು ಮೂಸಿ ನೋಡಿ ಮುಖ ತಿರುಗಿಸಿಬಿಟ್ಟರೆ, ಕರುಳು ಒಣಗಿ ಹೊಟ್ಟೆಶೂಲೆ ಹಿಡಿಯುತ್ತದೆ. ಕುದುರೆ ವಾಂತಿ ಮಾಡಲಾರದು. ಅದಕ್ಕೆ ಹೊಟ್ಟೆಶೂಲೆ ಸಣ್ಣ ಕಾಯಿಲೆಯಲ್ಲ.

ಇನ್ನು ಕಾಯಿದೆ. 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಕೆಳಗೆ 1978ರಲ್ಲಿ ಪ್ರಾಣಿಗಳ ಸಾಗಾಣಿಕೆಯ ನಿಯಮಗಳು ಬಂದವು. ಅದರಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳಿಗೆ ಒಂದು ಅಧ್ಯಾಯವೇ ಇದೆ. ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆಯೆಂದು ಪಶುವೈದ್ಯರ ಸರ್ಟಿಫಿಕೇಟು ಬೇಕು, ನೀರು ಮೇವು ಕೊಟ್ಟೇ ಹತ್ತಿಸಬೇಕು, ನೆಲ ಜಾರದಂತಿರಬೇಕು, ಎರಡು ಕುದುರೆಗಳ ನಡುವೆ 8 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಗಾತ್ರದ ಬಿದಿರ ಗಳು ಇರಬೇಕು. ಎದುರಿನಿಂದ ಬರುವ ವಾಹನಗಳಿಗೆ ಬೆದರದಂತೆ ಕುದುರೆಯ ಮುಖ ರಸ್ತೆಯ ಎಡಕ್ಕಿರಬೇಕು ಎಂದೂ ಬರೆದಿದೆ. ಬರೆದವರಾರೊ, ಕುದುರೆಯ ಜೊತೆ ಲಾರಿಯಲ್ಲಿ ನಿಂತು ಬಂದವರೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯ ವೇಗ ಗಂಟೆಗೆ 35 ಕಿಲೋಮೀಟರು ಮೀರಕೂಡದು.

ಕಾಗದ ಪೆನ್ಸಿಲು ತೆಗೆದುಕೊಂಡು ನಾವು ಲೆಕ್ಕ ಹಾಕಿದೆವು. ಬೆಂಗಳೂರಿನಿಂದ ಕರ್ಜತ್ತಿಗೆ ಸುಮಾರು 950 ಕಿಲೋಮೀಟರು. 35ರಿಂದ ಭಾಗಿಸಿದರೆ 27 ಗಂಟೆ, ಬರಿಯ ಓಟಕ್ಕೆ. ದಿನಕ್ಕೆ ಏಳು ಗಂಟೆಯಂತೆ ನಾಲ್ಕು ದಿನ, ಮೂರು ರಾತ್ರಿ. ಕಲ್ಲು ಲಾರಿಯವನ 'ಮರುದಿನ ರಾತ್ರಿ' ಇಲ್ಲಿಗೇ ಮುಗಿಯಿತು.

ಕುದುರೆಯನ್ನು ಗಾಡಿಯಲ್ಲಿ ಹೊರಿಸುವ ಉಪಾಯ ಮೋಟಾರಿಗಿಂತ ಹಳೆಯದು. 1836ರಲ್ಲಿ ಇಂಗ್ಲೆಂಡಿನ ಲಾರ್ಡ್ ಜಾರ್ಜ್ ಬೆಂಟಿಂಕನ ಎಲಿಸ್ ಎಂಬ ಪಂದ್ಯದ ಕುದುರೆ, ಸೇಂಟ್ ಲೆಜರ್ ಪಂದ್ಯಕ್ಕೆ ಕೆಲವೇ ದಿನಗಳಿರುವಾಗಲೂ ದಕ್ಷಿಣದ ಗುಡ್‌ವುಡ್ಡಿನಲ್ಲೇ ಇತ್ತು. ಪಂದ್ಯ ನಡೆಯುವುದು ಸುಮಾರು 400 ಕಿಲೋಮೀಟರು ದೂರದ ಡಾಂಕ್ಯಾಸ್ಟರಿನಲ್ಲಿ. ಆ ಕಾಲದ ಪಂದ್ಯದ ಕುದುರೆಗಳು ನಡೆದೇ ಹೋಗಬೇಕಾಗಿದ್ದುದರಿಂದ, ಇದು ಇನ್ನು ಬಾರದೆಂದು ಬಾಜಿ ಕಟ್ಟಿಸುವವರು ನಿಶ್ಚಿಂತರಾಗಿದ್ದರು. ಬೆಂಟಿಂಕನು ಕುದುರೆಗಳೇ ಎಳೆಯುವ, ಒಳಗೆ ಮೆತ್ತೆ ಹೊದಿಸಿದ ದೊಡ್ಡ ಗಾಡಿಯಲ್ಲಿ ಅದನ್ನು ಸಾಗಿಸಿ ಪಂದ್ಯ ಗೆದ್ದನು. ಅಷ್ಟು ಅವಸರದಲ್ಲೂ ನಡುದಾರಿಯ ಲಿಚ್‌ಫೀಲ್ಡಿನಲ್ಲಿ ಅದನ್ನು ಇಳಿಸಿ, ಕೈಕಾಲು ಸಡಿಲವಾಗಲೆಂದು ಓಡಿಸಿಯೇ ಮುಂದೆ ಹೊರಡಿಸಿದರು. ಮಹಾಲಕ್ಷ್ಮಿಯ ಪಂದ್ಯದ ಕುದುರೆಗಳು ಮಳೆಗಾಲದ ಪಂದ್ಯಗಳಿಗೆ ಪುಣೆಗೂ ಚಳಿಗಾಲಕ್ಕೆ ಮರಳಿ ಮುಂಬಯಿಗೂ ಘಟ್ಟ ಹತ್ತಿ ಇಳಿಯುತ್ತವೆ. ಆದರೆ ಅವು ಪಳಗಿದವು, ಅವುಗಳ ಜೊತೆಯ ಜನರೂ ಪಳಗಿದವರು. ಮೊದಲ ಸಲ ಹೊರಡುವ ಕುದುರೆಯ ಮಾತೇ ಬೇರೆ.

ನಮ್ಮ ಉತ್ತರ ನೋಡಿ ಖಾರ್‌ಘರ್‌ನವರು ಕಲ್ಲು ಲಾರಿಯನ್ನು ಬಿಟ್ಟರು. ಯಜಮಾನರಿಗೆ ಬಾಡಿಗೆಯ ಚಿಂತೆ ಇರಲಿಲ್ಲವೆಂದಲ್ಲ. ಮನೆಯಾಕೆ, "ಸೋಫಾ ಮುಂದಿನ ವರ್ಷ ತಗೊಂಡರಾಯಿತು," ಎಂದು ಆ ಚಿಂತೆಯನ್ನು ಪರಿಹರಿಸಿದರಂತೆ.

ಹೊರಡುವುದಕ್ಕೆ ಎರಡು ವಾರ ಮೊದಲೇ ಹುಡುಗಿ ಬೆಂಗಳೂರಿಗೆ ಹೋಗಿ ತನ್ನ ಅತ್ತೆಯ ಮನೆಯಲ್ಲಿ ಉಳಿದಳು. ವ್ಯಾನಿನವನು ದಿನಕ್ಕೊಂದು ಗಂಟೆ ಗಾಡಿಯನ್ನು ಲಾಯದ ಮುಂದೆ ತಂದು ನಿಲ್ಲಿಸಲು ಒಪ್ಪಿದನು. ಕುದುರೆಯ ಕಣ್ಣು ಬೆಳಕಿನಿಂದ ಕತ್ತಲೆಗೆ ಒಗ್ಗುವುದು ನಮ್ಮದಕ್ಕಿಂತ ನಿಧಾನ. ಮುಚ್ಚಿದ ಗಾಡಿಯ ಬಾಯಿ ಅದಕ್ಕೆ ಗುಹೆಯಂತೆ ಕಾಣುತ್ತದೆ. ಡಾಕ್ಟರು ಹೇಳಿಕೊಟ್ಟಂತೆ ಮುಂದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಹತ್ತುವ ಹಲಗೆಯ ಮೇಲೆ ಹುಲ್ಲು ಹರಡಿದರು. ಮೊದಲ ದಿನ ಮುಂಗಾಲೆರಡನ್ನು ಇಟ್ಟು ಹಿಂದೆಗೆಯಿತು. ನಾಲ್ಕನೆಯ ದಿನ ಒಳಗೆ ಹೋಗಿ ಹುರುಳಿ ತಿಂದು ಬಂದಿತು. ಯಾರೂ ಕೋಲು ಎತ್ತಲಿಲ್ಲ. ಕುಡಿಯುವ ನೀರಿಗೆ ದಿನವೂ ಚಿಟಿಕೆ ಬೆಲ್ಲ ಹಾಕಿ ರೂಢಿ ಮಾಡಿದರು. ದಾರಿಯಲ್ಲಿ ಯಾವ ಊರಿನ ನೀರಾದರೂ ಬೆಲ್ಲದ ರುಚಿ ಒಂದೇ ಇರಲೆಂದು. ಗ್ಲ್ಯಾಂಡರ್ಸ್ ರೋಗವಿಲ್ಲವೆಂದು ರಕ್ತ ಪರೀಕ್ಷೆಯೂ ಆಯಿತು. ಈ ರೋಗ ಮನುಷ್ಯರಿಗೂ ಅಂಟುವಂಥದು. 2006ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡಂದಿನಿಂದ ಇದನ್ನು ಯಾರೂ ಹಗುರಾಗಿ ಕಾಣುವಂತಿಲ್ಲ.

ಒಂಟಿ ಕುದುರೆಗೆ ದಾರಿಯಲ್ಲಿ ಜೊತೆ ಬೇಕು. ಇನ್ನೊಂದು ಕುದುರೆಯನ್ನು ಎಲ್ಲಿಂದ ತರುವುದು? ಇಂಗ್ಲೆಂಡಿನ ಇಬ್ಬರು ಒಂಟಿಯಾಗಿ ಸಾಗುವ ಕುದುರೆಗಳ ಎದುರು ಕನ್ನಡಿ ಇಟ್ಟು ನೋಡಿ, ಅವು ಹೆಚ್ಚು ನೆಮ್ಮದಿಯಿಂದಿದ್ದುದನ್ನು ಕಂಡು 2009ರಲ್ಲಿ ಬರೆದಿದ್ದಾರೆಂದು ಡಾಕ್ಟರೇ ತಿಳಿಸಿದರು. ಒಡೆಯದ ಕನ್ನಡಿ ಬೇಕೆಂದು ಹುಡುಗಿ ಅಂಗಡಿ ಅಂಗಡಿ ತಿರುಗಿ ಒಂದನ್ನು ತಂದು ಕಟ್ಟಿಸಿದಳು. ಅತ್ತೆ ನಕ್ಕರಂತೆ. "ನಗಬೇಡಿ ಅತ್ತೆ, ಅದಕ್ಕೆ ತಾನೇ ಜೊತೆ," ಎಂದಳಂತೆ.

ಮೊದಲ ರಾತ್ರಿ ದಾವಣಗೆರೆಯ ಬಳಿ ದೊಡ್ಡಮ್ಮನ ತೋಟದಲ್ಲಿ, ಎರಡನೆಯ ರಾತ್ರಿ ಬೆಳಗಾವಿಯ ಹೊರಗೆ ಸ್ನೇಹಿತರ ಹಿತ್ತಿಲಲ್ಲಿ, ಮೂರನೆಯ ರಾತ್ರಿ ಸಾತಾರೆಯ ಒಬ್ಬ ರೈತರ ಕೊಟ್ಟಿಗೆಯಲ್ಲಿ. ಬಂಧುಬಳಗ ಇಂಥದಕ್ಕೂ ಒದಗುತ್ತದೆಂದು ನಾವು ಎಣಿಸಿರಲಿಲ್ಲ! ಮೂರು ನಾಲ್ಕು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ, ಹಗ್ಗ ಸಡಿಲಿಸಿ, ನೆನೆಸಿದ ಹುಲ್ಲನ್ನು ನೆಲದ ಮೇಲೆ ಹಾಕುವುದು. ಅದು ತಲೆ ತಗ್ಗಿಸಿ ತಿನ್ನುತ್ತ ಮೂಗಿನಿಂದ ನೀರು ಸುರಿಸಿದರೆ ಹುಡುಗಿಗೆ ಸಂತೋಷ. ಡ್ರೈವರನಿಗೆ ಹೇಳಿದ್ದು ಒಂದೇ ಮಾತು: ತಲೆಯ ಮೇಲೆ ತುಂಬಿದ ಕೊಡ ಹೊತ್ತವರು ಪಕ್ಕದಲ್ಲಿ ಕುಳಿತಿದ್ದಾರೆಂದುಕೊಂಡು ನಡೆಸಪ್ಪ.

ನಾಲ್ಕನೆಯ ದಿನ ಮಾತ್ರ ಎಡವಟ್ಟಾಯಿತು. ಪುಣೆ ದಾಟಿದ ಮೇಲೆ ಹುಡುಗಿ ಹಿಂದಿನ ಕಾರಿನಲ್ಲಿ ನಿದ್ದೆ ಹೋದಳು. ಖಂಡಾಲೆಯ ಘಟ್ಟ ಇಳಿಯುವಾಗ ಕುದುರೆ ಕಾಲು ಬಡಿಯಿತೆಂದು, ಜೊತೆಯಲ್ಲಿದ್ದ ಆಳು ಹೆದರಿ ಹಗ್ಗವನ್ನು ಗಿಡ್ಡ ಮಾಡಿ ಬಿಗಿದನು. ಹಳೆಯ ಹೆದ್ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತು, ಘಟ್ಟದಲ್ಲೇ ನಾಲ್ಕು ಗಂಟೆ ಕಳೆಯಿತು. ಖೋಪೋಲಿಗೆ ಬಂದು ಬಾಗಿಲು ತೆಗೆದಾಗ ಕುದುರೆ ತಲೆಯೆತ್ತಿ, ಬೆವತು, ಗಾಳಿಗೆ ಮೂಗರಳಿಸಿ ನಿಂತಿತ್ತು.

ಕರ್ಜತ್ತಿನಲ್ಲಿ ಅದು ಚೆನ್ನಾಗಿಯೇ ಇಳಿಯಿತು, ನೀರು ಕುಡಿಯಿತು, ಮಣ್ಣಿನಲ್ಲಿ ಹೊರಳಿತು. ಲಾಯದವರು ಫೋಟೋ ತೆಗೆದರು. ಹುಡುಗಿ ಮಾತ್ರ ಥರ್ಮಾಮೀಟರು ಕೈಬಿಡಲಿಲ್ಲ. ಕುದುರೆಯ ಮೈಶಾಖ ಸಹಜವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಬೆಳಿಗ್ಗೆ ಸಂಜೆ ನೋಡಿ ಬರೆದಿಡಬೇಕೆಂದು ಡಾಕ್ಟರು ಹೇಳಿದ್ದರು. ಮೊದಲ ದಿನ 38.0. ಎರಡನೆಯ ದಿನ 38.2. ಮೂರನೆಯ ದಿನ ಬೆಳಿಗ್ಗೆ 38.4, ಸಂಜೆ 39.3. ಕುದುರೆ ಇನ್ನೂ ಹುಲ್ಲು ತಿನ್ನುತ್ತಲೇ ಇತ್ತು, ಕೆಮ್ಮಿರಲಿಲ್ಲ. ಲಾಯದವರು, "ಹೊಸ ಜಾಗ, ಬಿಸಿಲು, ನಾಳೆ ನೋಡೋಣ ಬೇಟಾ," ಎಂದರು. ಹುಡುಗಿ ನಾಳೆಗೆ ಕಾಯಲಿಲ್ಲ. ಅಪ್ಪನಿಗೆ ಫೋನು ಮಾಡಿ ಅಂದೇ ರಾತ್ರಿ ಪಶುವೈದ್ಯರನ್ನು ಕರೆಸಿದಳು. ಪುಪ್ಪುಸದ ಕೆಳಭಾಗದಲ್ಲಿ ಸದ್ದು ಕೇಳಿಸಿತು. ಅಂದೇ ಚುಚ್ಚುಮದ್ದು ಆರಂಭವಾಯಿತು. ಎರಡು ವಾರ ಸವಾರಿ ಇಲ್ಲ, ಓಟವಿಲ್ಲ. ಹುಲ್ಲನ್ನು ನೆನೆಸಿ ನೆಲದ ಮೇಲೆಯೇ ಹಾಕಬೇಕು. ಇನ್ನೆರಡು ದಿನ ತಡವಾಗಿದ್ದರೆ ಮಾತು ಬೇರೆಯಾಗುತ್ತಿತ್ತೆಂದು ವೈದ್ಯರು ಹೇಳಿದರಂತೆ.

ಹಗ್ಗ ಬಿಗಿದ ಆಳಿನ ಮೇಲೆ ಯಜಮಾನರಿಗೆ ಬಹಳ ಕೋಪ ಬಂದಿತ್ತು. ಡಾಕ್ಟರು, "ಅವನಿಗೆ ಯಾರಾದರೂ ಕಾರಣ ಹೇಳಿದ್ದರೆ? ಹಗ್ಗ ಸಡಿಲ ಬಿಡು ಅಂತ ಹೇಳಿದರಂತೆ, ಯಾಕೆ ಅಂತ ಹೇಳಲಿಲ್ಲವಂತೆ," ಎಂದರು. ಇದು ನ್ಯಾಯವಾದ ಮಾತೆಂದು ನಮಗೆ ತೋರಿತು. ಕುದುರೆ ತರಿಸಬೇಕೆಂದಿರುವವರು ನಮ್ಮ ನಡುವೆ ಹೆಚ್ಚಾಗಿರಲಾರರು. ಇದ್ದರೆ ಬಾಡಿಗೆಯ ಚೌಕಾಶಿಗೆ ಮುಂಚೆ ಜೊತೆಗೆ ಬರುವ ಆಳಿನೊಡನೆ ಅರ್ಧ ಗಂಟೆ ಕುಳಿತು ಚಹ ಕುಡಿಯುವುದು ಒಳ್ಳೆಯದು.

ಕಳೆದ ತಿಂಗಳು ನಾವೂ ಡಾಕ್ಟರೂ ಕರ್ಜತ್ತಿಗೆ ಹೋಗಿ ಬಂದೆವು. ಕುದುರೆ ಚೆನ್ನಾಗಿದೆ. ಕನ್ನಡಿ ಈಗ ಲಾಯದ ಗೋಡೆಯ ಮೇಲಿದೆ. ಹುರುಳಿ ಮಾತ್ರ ಡೊಂಬಿವಲಿಯ ಅಂಗಡಿಯಿಂದಲೇ ಹೋಗುತ್ತದೆ. ಅಂಗಡಿಯಾತ ಅದನ್ನು ಕುಳೀಥ ಎನ್ನುತ್ತಾನೆ. ಇಷ್ಟು ಹುರುಳಿಸಾರು ಮಾಡುವ ಮನೆ ಯಾವುದಪ್ಪ ಎಂದು ಯಜಮಾನರನ್ನು ಕೇಳಿದನಂತೆ. ನಮ್ಮ ಮನೆಯಲ್ಲಿ ನಾಲ್ಕು ಜನ, ಒಬ್ಬನು ಸ್ವಲ್ಪ ಹೆಚ್ಚು ತಿನ್ನುತ್ತಾನೆ ಎಂದು ಹೇಳಿ ಬಂದಿದ್ದಾರೆ.